ಬೂಟಿನೊಳಗಿನ ಕಾಲುಂಗುರ

ರೇಖಾ, ಹಿಮದಲ್ಲಿ ನಿನ್ನ ಕಾಲು ಕೆಡಲಿ ಎಂದೇ ನಾನು ಆ ಬೂಟು ಆರಿಸಿಕೊಟ್ಟೆ. ಮರಗಟ್ಟಿ ಅರ್ಧಕ್ಕೇ ಇಳಿದು ಬರಲಿ, ಅಷ್ಟೇ ಸಾಕು ಎಂದುಕೊಂಡಿದ್ದೆ — ಬೆರಳೇ ಹೋಗಬಹುದೆಂದೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಹಿಮಗೋಡೆ ಹತ್ತುವ ತರಬೇತಿಗೆ ಮೊದಲು ಆಯ್ಕೆಯಾದವಳು ನಾನು. ನೀನು ಮುಡಬಿಯ ನಮ್ಮ ಮನೆಗೆ ಬಂದು, ನಮ್ಮವ್ವ ಮಾಡಿದ ಚಹಾ ಕುಡಿದು, ಅಪ್ಪನಿಗೆ ಹೇಳಿದೆ — "ಕಾಕಾ, ಹೋದ ಸಲ ಅಲ್ಲಿ ಹುಡ್ರು ಹುಡ್ಗ್ಯಾರು ಒಂದೇ ಟೆಂಟ್‌ನಾಗ ಮಲಗ್ಯಾರಂತ್ರಿ." ಹಸಿ ಸುಳ್ಳು. ಅಪ್ಪ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನನ್ನ ಜಾಗ ನಿನಗೆ ಸಿಕ್ಕಿತು. ಹೇಳಿದವಳು ನೀನೇ ಎಂದು ಅವ್ವ ನನಗೆ ತಿಳಿಸಿದ್ದಳು. ಅದು ನಿನಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ನಿನಗೆ ಹುಮನಾಬಾದಿನಲ್ಲಿ ಮದುವೆಯಾಯಿತು. ಗಂಡ ಒಳ್ಳೆಯವನು, ಹೋಗು ಎಂದ. ನೀನು ಬರೀ ಬಂಡೆ ಹತ್ತಿದವಳು, ಹಿಂದಿನ ವರ್ಷದ ಶಿಬಿರಕ್ಕೆ ಹೋಗಿ ಹಿಮದಲ್ಲಿ ನಡೆದವಳು ನಾನೊಬ್ಬಳೇ — ಬೂಟು ಆರಿಸಲು ಹೈದರಾಬಾದಿಗೆ ನನ್ನನ್ನೇ ಕರೆದೆ. ಉಪ್ಪು ತಿಂದವಳು ನೀರು ಕುಡಿಯಲಿ ಎನ್ನುತ್ತಲೇ ಬಸ್ಸು ಹತ್ತಿದೆ.

ಅಂಗಡಿಯವನು ಎರಡು ಜೋಡಿ ಇಟ್ಟ, ಒಂದು ಸಡಿಲ, ಒಂದು ಬಿಗಿ. ಎರಡರಲ್ಲೂ ಒಳಗೊಂದು ಮೆತ್ತನೆಯ ಬೂಟು, ಹೊರಗೊಂದು ಗಟ್ಟಿ ಬೂಟು. ದಪ್ಪ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಬೇಕು. ಆಡದಿದ್ದರೆ ರಕ್ತ ಓಡದು, ರಕ್ತ ಓಡದಿದ್ದರೆ ಎಷ್ಟು ಬೆಚ್ಚನೆಯ ಬೂಟಿದ್ದರೂ ಅಷ್ಟೇ. ನಾನು ಬಿಗಿಯಾದ ಜೋಡಿಯನ್ನೇ ನಿನ್ನ ಮುಂದೆ ಸರಿಸಿದೆ.

"ಕಾಲುಂಗುರ ಒತ್ತಾಕತ್ತಾವ. ತೆಗೀಲೇನ?" ಎಂದು ಕೇಳಿದೆ ನೀನು.

"ಗಂಡ ಇರೋ ಹೆಣ್ಮಗಳು ಕಾಲುಂಗುರ ತೆಗಿತಾಳೇನ? ಇರ್ಲಿ ಬಿಡು, ಸಾಕ್ಸ್ ಒಳಗ ಯಾರು ನೋಡ್ತಾರ."

ಬೆಳ್ಳಿ ಚಳಿಯನ್ನು ನೇರ ಮಾಂಸಕ್ಕೆ ಇಳಿಸುತ್ತದೆ, ಬಾತ ಬೆರಳಿಗೆ ಉಂಗುರವೇ ಉರುಳಾಗುತ್ತದೆ — ಇದು ನಾನು ಕಲಿತ ಮೊದಲ ಪಾಠ. ನೀನು ಆಸ್ಪತ್ರೆಯಲ್ಲಿದ್ದೀ ಎಂದು ಫೋನ್ ಬಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಆ ದಿನ ಒಂದು ರೊಟ್ಟಿ ಹೆಚ್ಚೇ ತಿಂದೆ.

ಮೊನ್ನೆ ನಿನ್ನ ಬಸುರಿ ನಾದಿನಿಯ ಕುಪ್ಪಸದ ಕಾರ್ಯದಲ್ಲಿ ಯಾರೋ ಅಜ್ಜಿ, ಕಾಲುಂಗುರ ಮೂರನೇ ಬೆರಳಿಗೆ ಯಾಕೆ ಹಾಕಿದ್ದೀ ಎಂದು ಕೇಳಿದಳು. ನೀನು ನಕ್ಕು ನನ್ನ ಹೆಗಲ ಮೇಲೆ ಕೈಯಿಟ್ಟೆ — "ಎರಡನೇ ಬೆರಳು ಹಿಮದಾಗ ಹೋದ್ವಬೇ. ಇಕಿ ಮಾತು ಕೇಳಿ ಉಂಗುರ ತೆಗೀಲಿಲ್ಲ ನೋಡ್ರಿ, ಮುತ್ತೈದಿ ಉಂಗುರಾನೇ ಕಾಯ್ತು, ಅದಕ್ಕ ಜೀವ ಉಳೀತು." ಹೆಂಗಸರೆಲ್ಲ ನನ್ನನ್ನು ಹೊಗಳಿದರು. ಮಾಡದ ಉಪಕಾರದ ಆ ಹೊಗಳಿಕೆ ನನಗೆ ಬೇಡ.

ನಾಳೆ ಹುಮನಾಬಾದಿಗೆ ಬರುತ್ತೇನೆ. ಒಳಗೆ ಬಾ ಎನ್ನುವ ಮೊದಲೇ, ಬಾಗಿಲಲ್ಲೇ ನಿಂತು ಇದನ್ನೆಲ್ಲ ಹೇಳುತ್ತೇನೆ. ನಿನ್ನನ್ನು ನಾನಿನ್ನೂ ಕ್ಷಮಿಸಿಲ್ಲ, ರೇಖಾ. ನೀನೂ ನನ್ನನ್ನು ಕ್ಷಮಿಸಬೇಡ.