ವನಜಾಳ ಅಳತೆ ರವಿಕೆ

ಬಾಗಲಗುಂಟೆಯಲ್ಲಿ ರವಿಕೆ ಹೊಲಿಯುವ ವನಜಾಳಿಗೆ ಕ್ಯಾನ್ಸರ್‌ನಿಂದಾಗಿ ತೆಗೆದ ಎಡಸ್ತನದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟು ಹನ್ನೆರಡು ವರ್ಷವಾಗಿತ್ತು. ನೋವಿಲ್ಲವೆಂದು ಆಕೆ ತಪಾಸಣೆಯನ್ನೇ ಬಿಟ್ಟಿದ್ದಳು. ಈಗ ತನ್ನದೇ ಅಳತೆ ರವಿಕೆ ಎಡಗಡೆ ಬಿಗಿಯತೊಡಗಿತ್ತು. ಇಂಪ್ಲಾಂಟ್ ಸುತ್ತಲಿನ ಪೊರೆ ಗಟ್ಟಿಯಾಗಿದೆ, ಹಳೆಯದನ್ನು ತೆಗೆದು ಹೊಸದು ಇಡಬೇಕು ಎಂದ ವೈದ್ಯರು ಸೋಮವಾರಕ್ಕೆ ದಿನವನ್ನೂ ಕೊಟ್ಟಿದ್ದರು. ಮಾಡಿಸಲೋ ಬೇಡವೋ ಎಂದು ವನಜಾ ಅಳುಕುತ್ತಿದ್ದಳು.

ಊರಿಗೆಲ್ಲ ಬುದ್ಧಿ ಹೇಳುವ ವಾರಗಿತ್ತಿ ರಾಮಲಕ್ಷ್ಮಮ್ಮ, ಎದೆ ತುಂಬಿ ಕಾಣುವಂತೆ ಕಪ್ ಇಟ್ಟ ರವಿಕೆ ಹೊಲಿಸಲು ಬಂದವಳು, ಸುದ್ದಿ ಕೇಳಿ ಮೂಗು ಮುರಿದಳು. "ಈ ವಯಸ್ಸಲ್ಲಿ ಹೊಸದು ಯಾರಿಗೆ ತೋರ್ಸೋಕೆ ಕಣೇ?"

ವನಜಾ ಆಕೆಯ ಎದೆಗೆ ಟೇಪು ಸುತ್ತಿದಳು. "ನಿಮ್ ಕಪ್ ಯಾರಿಗಕ್ಕಾ? ಭಾವಂಗೆ ಕನ್ನಡಕ ಇಲ್ದೆ ಬಾಗ್ಲೇ ಕಾಣ್ಸಲ್ಲ."

ವನಜಾ ಟೇಪು ಬಿಚ್ಚಿ, ರಾಮಲಕ್ಷ್ಮಮ್ಮ ತಂದಿದ್ದ ಬಟ್ಟೆಯನ್ನು ಮಡಿಸಿ ಅವಳ ಕೈಗೇ ಕೊಟ್ಟಳು. "ಬೇರೆ ಕಡೆ ಹೊಲಿಸ್ಕೊಳ್ಳಿ. ಸೋಮವಾರ ನನ್ ಆಪರೇಷನ್."