ಹೊಂಗೆಪಾಳ್ಯದ ಕೆರೆಯ ರಾಜಹಂಸ

ಗವಿಸಿದ್ದಯ್ಯನವರು ಹಕ್ಕಿಗಳತ್ತ ಕತ್ತೆತ್ತಿ ನೋಡಿದ್ದೇ ಅರವತ್ತು ತುಂಬಿದ ಮೇಲೆ. ಅದಕ್ಕೂ ಕಾರಣ ಹಕ್ಕಿಯಲ್ಲ, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಲೇಬೇಕೆಂದು ಕುದೂರಿನ ಡಾಕ್ಟರು ಹೇಳಿದರು. ಹೊಂಗೆಪಾಳ್ಯದಲ್ಲಿ ಸುಮ್ಮಸುಮ್ಮನೆ ನಡೆಯುವವರನ್ನು ಕಂಡರೆ ಜನ ನಿಲ್ಲಿಸಿ, "ಯಾರು ತೀರ್ಕೊಂಡ್ರು?" ಎಂದು ಕೇಳುತ್ತಾರೆ. ಹಾಗಾಗಿ ಅವರು ಭಾಮೈದನ ಹಳೆಯ ದುರ್ಬೀನನ್ನು ಕೊರಳಿಗೆ ತೂಗುಹಾಕಿಕೊಂಡು ಕೆರೆ ಏರಿ ಹತ್ತಿದರು. ಕೊರಳಲ್ಲಿ ಯಂತ್ರ ಇದ್ದವರನ್ನು ಯಾರೂ ಮಾತಾಡಿಸುವುದಿಲ್ಲ. ಸರ್ವೆಗೆ ಬಂದವರೆಂದು ದೂರ ಸರಿಯುತ್ತಾರೆ.

ಅವರು ಮೂರು ದಶಕ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. "ಸ್ಥಳ ಪರಿಶೀಲಿಸಲಾಗಿದೆ" ಎಂದು ತಾವೇ ಬರೆದ ಸ್ಥಳಗಳಲ್ಲಿ ಮುಕ್ಕಾಲು ಪಾಲನ್ನು ಅವರು ಕಂಡವರಲ್ಲ. ಮೇಲಿನವರು ಬೆರಳಿಟ್ಟ ಕಡೆ ಸಹಿ ಹಾಕಿ, ಮನೆಗೆ ಬಂದು ಸೊಗಸಾಗಿ ನಿದ್ದೆ ಮಾಡಿದವರು. ಅಂಥವರನ್ನು ಹಕ್ಕಿಗಳು ಕೆಡಿಸಿಬಿಟ್ಟವು. ಕಂಡದ್ದನ್ನೇ ಬರೆಯುವ ಚಟ ಹತ್ತಿತು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕಚೇರಿಯ ಪದ್ಧತಿಯಂತೆ ತುಂಬಿಸತೊಡಗಿದರು: ನಾಮದ ಕೋಳಿ, ಹದಿನೆಂಟು. ಷರಾ: ಒಂದು ಕುಂಟುತ್ತದೆ.

"ಗ್ಯಾಸ್ ಯಾವಾಗ ಬುಕ್ ಮಾಡಿದ್ರಿ ಅಂದ್ರೆ ಗೊತ್ತಿಲ್ಲ. ನೀರುಕಾಗೆ ಎಷ್ಟವೆ ಅಂದ್ರೆ ನಿದ್ದೆಗಣ್ಣಲ್ಲೂ ಹೇಳ್ತೀರಿ" ಎಂದು ಹೆಂಡತಿ ಸರ್ವಮಂಗಳ ಗೊಣಗುತ್ತಿದ್ದರು. ಎರಡು ವರ್ಷದಲ್ಲಿ ಆ ಪುಸ್ತಕದೊಳಗೆ ನಲವತ್ತೆರಡು ಜಾತಿಯ ಹಕ್ಕಿಗಳು ಸೇರಿದವು. ಒಂದೂ ಹೆಚ್ಚಿಲ್ಲ.

ಈ ಜನವರಿಯಲ್ಲಿ ಪಂಚಾಯಿತಿ ಅಧ್ಯಕ್ಷ ಕೆಂಪರಾಜುವಿಗೆ ಊರಿನ ಕೆರೆಯನ್ನು ಪಕ್ಷಿತಾಣ ಮಾಡುವ ಉಮೇದು ಬಂತು. ಅದಕ್ಕೆ ಹಕ್ಕಿ ಎಣಿಕೆಯಾಗಬೇಕು, ಎಣಿಕೆಗೆ ಪಟ್ಟಣದಿಂದ ಸಾಹೇಬರು ಬರಬೇಕು, ಸಾಹೇಬರು ಬರುವುದಾದರೆ ಶಾಮಿಯಾನ, ಮೈಕು, ತಮಟೆ ಎಲ್ಲ ಬೇಕು. ಗವಿಸಿದ್ದಯ್ಯನವರನ್ನು "ಸ್ಥಳೀಯ ಪಕ್ಷಿ ತಜ್ಞ" ಎಂದು ಬ್ಯಾನರಿನಲ್ಲಿ ಹಾಕಿಸಿದರು. ಹೆಸರಿನ ಪಕ್ಕ ಆರು ಗುಲಾಬಿ ಬಣ್ಣದ ರಾಜಹಂಸಗಳು ಒಂಟಿಕಾಲಲ್ಲಿ ನಿಂತಿದ್ದವು. ಮಾಗಡಿಯ ಪ್ರಿಂಟಿಂಗ್ ಅಂಗಡಿಯವನಿಗೆ ಕಂಪ್ಯೂಟರಿನಲ್ಲಿ ಸಿಕ್ಕ ಚೆಂದದ ಹಕ್ಕಿ ಅದೇ.

ಅಂದು ಗವಿಸಿದ್ದಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆರು ಗಂಟೆಗೇ ಏರಿಯ ಮೇಲಿದ್ದರು. ಕೆರೆ ತುಂಬ ಹಕ್ಕಿಗಳಿದ್ದವು, ಸಾಹೇಬರಿರಲಿಲ್ಲ. ಒಂಬತ್ತೂವರೆಗೆ ಸಾಹೇಬರು ಬಂದರು. ತಮಟೆಯ ಮೊದಲ ಪೆಟ್ಟಿಗೆ ನೀರುಕಾಗೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವು ಸ್ವಾಗತಕ್ಕೇ ಎದ್ದವೆಂದುಕೊಂಡು ಸಾಹೇಬರು ಚಪ್ಪಾಳೆ ತಟ್ಟಿದರು. ಮೂರನೆಯ ಭಾಷಣ ಮುಗಿಯುವ ಹೊತ್ತಿಗೆ ಕೆರೆಯಲ್ಲಿ ಉಳಿದದ್ದು ನೀರು ಮತ್ತು ಕಿವುಡು ಇರಬಹುದಾದ ಒಂದು ಬೆಳ್ಳಕ್ಕಿ.

ಆದರೂ ಉಪ್ಪಿಟ್ಟಿನ ಸರದಿಯಲ್ಲಿ ಎಣಿಕೆ ಜೋರಾಗಿ ಸಾಗಿತು. ಒಬ್ಬರು ನವಿಲು ಎಂದರು, ಇನ್ನೊಬ್ಬರು ಗರುಡ ಎಂದರು, ಪಟ್ಟಿ ಎಂಬತ್ತೆರಡು ತಲುಪಿತು. ಆಗ ಕೆಂಪರಾಜು ಬ್ಯಾನರ್ ಕಡೆ ನೋಡಿ ಚಡಪಡಿಸಿದ.

"ಇಷ್ಟು ದೊಡ್ಡದಾಗಿ ಹಾಕ್ಸಿದ್ದೀವಿ ಸಾರ್. ಒಂದಾದ್ರೂ ರಾಜಹಂಸ ಇರ್ಬೇಕಲ್ವಾ?"

ಅಷ್ಟರಲ್ಲಿ ಯಾರೋ ಆಚೆ ದಡ ತೋರಿಸಿ ಕೂಗಿದರು. ಅಲ್ಲಿ ಜಾಲಿಪೊದೆಯ ಮೇಲೆ ಗುಲಾಬಿ ಬಣ್ಣದ್ದೊಂದು ಗಾಳಿಗೆ ರೆಕ್ಕೆ ಬಡಿಯುತ್ತಿತ್ತು. ಮೊಬೈಲುಗಳೆಲ್ಲ ಮೇಲೆದ್ದವು. ಸಾಹೇಬರು ಉಪ್ಪಿಟ್ಟಿನ ತಟ್ಟೆಯನ್ನೇ ಕೆಳಗಿಟ್ಟರು. ಗವಿಸಿದ್ದಯ್ಯನವರ ಎದೆಯೂ ಒಂದು ಗಳಿಗೆ ಹಾರಿತು. ದುರ್ಬೀನು ಹಿಡಿದು ತಿರುಪು ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು.

"ಸಾರ್, ಅದಕ್ಕೆ ಲಾಡಿ ಐತೆ" ಎಂದರು.

"ಲಾಡಿ? ಅದ್ಯಾವ ಜಾತಿ?" ಸಾಹೇಬರು ಆಸಕ್ತಿಯಿಂದ ಕೇಳಿದರು.

ಉತ್ತರ ಆಚೆ ದಡದಿಂದಲೇ ಬಂತು. ಕಾರ್ಯಕ್ರಮದ ಸಲುವಾಗಿ ಬಟ್ಟೆ ಒಗೆಯುವ ಕಲ್ಲಿನಿಂದ ಪಂಚಾಯಿತಿಯವರು ಎಬ್ಬಿಸಿ ಆಚೆಗೆ ಅಟ್ಟಿದ್ದ ವೆಂಕಟಲಕ್ಷ್ಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅದು ನನ್ನ ಲಂಗ ಕಣ್ರಪ್ಪೋ! ಅದ್ರ ಪೋಟೋ ಯಾಕ್ರಪ್ಪಾ ತಗೀತೀರಾ?"

"ಸುಮ್ಕಿರು ಚಿಕ್ಕಮ್ಮ, ಸಾಹೇಬ್ರು ಅವ್ರೆ!" ಕೆಂಪರಾಜು ಮೈಕಿನಲ್ಲೇ ಗದರಿದ. ಅಷ್ಟರಲ್ಲಿ ಪಟ್ಟಿಯ ಎಂಬತ್ತಮೂರನೆಯ ಸಾಲಿಗೆ ರಾಜಹಂಸ ಇಳಿದಾಗಿತ್ತು. ಸಾಹೇಬರಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಕಾಗದ ತಜ್ಞರ ಸಹಿಗೆಂದು ಗವಿಸಿದ್ದಯ್ಯನವರ ಮುಂದೆ ಬಂತು. ಕೆಂಪರಾಜು ಬೆರಳಿಟ್ಟು ಜಾಗ ತೋರಿಸಿದ.

ಪೆನ್ನು ಹಿಡಿದ ಕೈ ಅಭ್ಯಾಸಬಲದಿಂದ ಅರ್ಧ ದಾರಿ ಹೋಯಿತು. ಅಲ್ಲೇ ನಿಂತಿತು. ಬೆಳಗಿನ ಚಳಿಯಲ್ಲಿ ಒಂದು ಹಕ್ಕಿ ಬಾತೋ ನಾಮದ ಕೋಳಿಯೋ ಎಂದು ತಿಳಿಯಲು ಒಂದು ವಾರ ಕಾದು ಕೂತದ್ದು ಅವರಿಗೆ ನೆನಪಾಯಿತು.

"ನನ್ನ ಕೈಲಾಗಕ್ಕಿಲ್ಲ ಕೆಂಪರಾಜು."

"ಏನ್ ಸಾರ್, ನಿಮ್ಮ ಜಮೀನು ಬರ್ಕೊಡಿ ಅಂದ್ನಾ? ಒಂದು ಹಕ್ಕಿ!"

"ಹಕ್ಕಿ ಆಗಿದ್ರೆ ಹಾಕ್ಬುಡ್ತಿದ್ದೆ."

ಪೆನ್ನಿನ ಮುಚ್ಚಳ ಹಾಕಿ ಏರಿ ಇಳಿದರು. ಕಾಗದಕ್ಕೆ ಇಲ್ಲವೆಂದದ್ದು ಆಯುಷ್ಯದಲ್ಲಿ ಇದೇ ಮೊದಲು. ಇಷ್ಟು ಸುಲಭವಿತ್ತೇ ಎಂದು ಒಂದು ಕಡೆ ಹಿಗ್ಗು, ಇಷ್ಟು ಸುಲಭವಿದ್ದದ್ದನ್ನು ಅಷ್ಟು ವರ್ಷ ಮಾಡಲಿಲ್ಲವಲ್ಲ ಎಂದು ಇನ್ನೊಂದು ಕಡೆ ನಾಚಿಕೆ. ಮನೆಗೆ ಬಂದು ಎಲ್ಲ ಹೇಳಿದರು. ಸರ್ವಮಂಗಳ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಇರ್ಲಿ ಬುಡಿ, ಒಳ್ಳೆ ಕೆಲ್ಸ ಮಾಡಿದ್ರಿ" ಎಂದರು.

ಸಹಿ ಬೇರೆ ಯಾರದೋ ಬಿತ್ತು. ಕೆರೆ ಪಕ್ಷಿತಾಣವಾಯಿತು. ಭಾನುವಾರ ಭಾನುವಾರ ಕಾರುಗಳು ಬಂದು ರಾಜಹಂಸದ ವಿಳಾಸ ಕೇಳತೊಡಗಿದವು. ಒಗೆಯುವ ಕಲ್ಲಿನ ಪಕ್ಕದಲ್ಲಿ "ಇಲ್ಲಿ ಬಟ್ಟೆ ಒಗೆಯಬಾರದು, ಪಕ್ಷಿಗಳಿಗೆ ತೊಂದರೆಯಾಗುತ್ತದೆ" ಎಂಬ ಬೋರ್ಡು ಎದ್ದಿತು. ವೆಂಕಟಲಕ್ಷ್ಮಮ್ಮ ಬಟ್ಟೆಗಂಟು ಹೊತ್ತು ಸೀದಾ ಗವಿಸಿದ್ದಯ್ಯನವರ ಮನೆಗೆ ಬಂದಳು. ಅವರು ಅರ್ಜಿ ಬರೆದರು; ಉತ್ತರ ಬರಲಿಲ್ಲ. ಅರ್ಜಿ ಎಲ್ಲಿ ಮಲಗುತ್ತದೆಂದು ಬಲ್ಲವರಾದ್ದರಿಂದ, ಅವಳನ್ನೂ ಗಂಟನ್ನೂ ಕರೆದುಕೊಂಡು ಪಂಚಾಯಿತಿಯ ಬೆಂಚಿನ ಮೇಲೆ ಮೂರು ದಿನ ಕೂತರು. ನಾಲ್ಕನೆಯ ದಿನ ಕೆಂಪರಾಜು ಕೈಮುಗಿದು, ಬೋರ್ಡನ್ನು ಇಪ್ಪತ್ತು ಮಾರು ಆಚೆಗೆ ನೆಡಿಸಿದ.

ಈಗ ಬೆಳಿಗ್ಗೆ ಅವಳು ಒಗೆಯುತ್ತಾಳೆ, ಇವರು ಬರೆಯುತ್ತಾರೆ. ಬಟ್ಟೆಯ ಸದ್ದಿಗೆ ಹಕ್ಕಿಗಳು ಕದಲುವುದಿಲ್ಲ. ಮೊನ್ನೆ ಇವರು ನೀರಿನಲ್ಲಿ ಮುಳುಗೇಳುತ್ತಿದ್ದ ಪುಟ್ಟ ಹಕ್ಕಿಗಳನ್ನು ನೋಡಿ, "ಬಾತಿನ ಮರಿ, ಆರು" ಎಂದು ಬಾಯಿಬಿಟ್ಟು ಹೇಳಿಕೊಂಡು ಬರೆಯುತ್ತಿದ್ದರು.

"ಮರಿಯಲ್ಲ ಸಾಮಿ, ಗುಳುಮುಳ್ಕ. ಅದು ಬೆಳೆಯೋದೇ ಅಷ್ಟು" ಎಂದಳು ವೆಂಕಟಲಕ್ಷ್ಮಮ್ಮ, ಸೀರೆ ಹಿಂಡುತ್ತಾ.

ಗವಿಸಿದ್ದಯ್ಯ ಎರಡು ವರ್ಷದ ಪುಟಗಳನ್ನು ಹಿಂದಕ್ಕೆ ಮಗುಚಿ, ತಿದ್ದಲು ಕೂತರು.