ನಮ್ಮ ಮನೆಯ ವೈರು ಕಿತ್ತ ಭಾನುವಾರ

ಚೆನ್ನೈಗೆ ಬಂದ ಮೇಲೆ ನಾನು ದನಿಯೆತ್ತಿ ಜಗಳವಾಡಿದ್ದು ಇಂಟರ್ನೆಟ್ಟಿನ ವಿಷಯಕ್ಕೆ ಮಾತ್ರ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇನ್ಶೂರೆನ್ಸ್ ಆಫೀಸಿನಲ್ಲಿದ್ದ ನಮ್ಮ ಯಜಮಾನರಿಗೆ ಮೈಸೂರಿನಿಂದ ವರ್ಗವಾಗಿ, ಅಡ್ಯಾರಿನ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದಿದ್ದೆವು. ಅಲ್ಲಿನ ಕೇಬಲ್ ಟೀವಿಯವನು ಕಟ್ಟಡಕ್ಕೆಲ್ಲ ಸೇರಿಸಿ ಒಂದೇ ಇಂಟರ್ನೆಟ್ ಲೈನು ತಂದುಕೊಟ್ಟಿದ್ದ. ಅದು ಮೆಟ್ಟಿಲ ಕೆಳಗಿದ್ದ ಒಂದು ಡಬ್ಬಕ್ಕೆ ಬಂದು, ಅಲ್ಲಿಂದ ನೀಲಿ ವೈರುಗಳಾಗಿ ಮನೆಮನೆಗೆ ಹರಡಿಕೊಂಡಿತ್ತು. ಮಾಳಿಗೆಯ ಟ್ಯಾಂಕಿನ ನೀರಿನಂತೆಯೇ ಅದೂ. ಒಬ್ಬರು ನಲ್ಲಿ ಬಿಟ್ಟುಕೊಂಡು ಕೂತರೆ ಮಿಕ್ಕವರಿಗೆ ತೊಟ್ಟಿಕ್ಕುತ್ತಿತ್ತು.

ಮೊದಲು ಚೆನ್ನಾಗಿಯೇ ಇದ್ದ ಲೈನು ಆ ಬೇಸಿಗೆಯಲ್ಲಿ ಹಾಳಾಯಿತು. ಒಂದು ಪುಟ ತೆರೆಯುವಷ್ಟರಲ್ಲಿ ಅನ್ನಕ್ಕಿಟ್ಟು ಬರಬಹುದಿತ್ತು. "ಅಮ್ಮಾ, ಸ್ಪೀಡೇ ಇಲ್ಲೆ" ಎಂದು ಮಗಳು ಸಂಜೆಯೆಲ್ಲ ರಾಗ ಎಳೆಯುತ್ತಿದ್ದಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳು ಉತ್ತರ ಕೊಡುತ್ತಿದ್ದುದು ತಮಿಳಿನಲ್ಲೇ. ಕೇಬಲಿನವನನ್ನು ಕೇಳಿದರೆ ತನ್ನ ಕಡೆ ಏನೂ ತೊಂದರೆಯಿಲ್ಲ ಅಂದ.

ಎಲ್ಲರಿಗಿಂತ ಹೆಚ್ಚು ಕಿರಿಕಿರಿ ಆಗುತ್ತಿದ್ದುದು ನನಗೆ. ಮದುವೆಗೆ ಮುಂಚಿನಿಂದಲೂ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ, ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದೆ. ಈಗ ಮತ್ತೆ ಕೆಲಸಕ್ಕೆ ಸೇರಬೇಕೆಂದು, ಮನೆಯವರೆಲ್ಲ ಹೊರಗೆ ಹೋದ ಮೇಲೆ ಶಾಲೆಗಳಿಗೆ ಮೇಲ್ ಕಳಿಸುತ್ತಿದ್ದೆ. ಯಜಮಾನರಿಗೆ ಹೇಳಿರಲಿಲ್ಲ. ಹಿಂದೆ ಒಮ್ಮೆ ಹೇಳಿದಾಗ, "ತಮಿಳ್ ಸರಿಯಾಗಿ ಬರ್ದೆ ಇಲ್ಲಿ ಯಾರ್ ಕೊಡ್ತಾರೆ ಕೆಲಸ?" ಎಂದು ನಕ್ಕಿದ್ದರು. ಕೊಂಕಿನ ನಗುವೇನಲ್ಲ. ಆದರೂ ಕೆಲಸ ಸಿಕ್ಕ ಮೇಲೇ ಹೇಳೋಣ ಎಂದುಕೊಂಡಿದ್ದೆ.

ಹಾಗಾಗಿ ಅಸೋಸಿಯೇಶನ್ ಮೀಟಿಂಗಿನಲ್ಲಿ ಎದ್ದುನಿಂತು ಬಾಯಿ ಮಾಡಿದವಳು ನಾನೇ. ಯಾರೋ ಹಗಲೂ ರಾತ್ರಿ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೆ, ಅಂಥವರಿಗೆ ಸ್ವಲ್ಪ ನಾಚಿಕೆ ಇರಬೇಕು ಎಂದು ನನ್ನ ಹರಕುಮುರುಕು ತಮಿಳಿನಲ್ಲಿ ಹೇಳಿದೆ. ಮೇಲಿನ ಮನೆಯಲ್ಲಿದ್ದ ಕಾಲೇಜು ಹುಡುಗರು ತಲೆ ತಗ್ಗಿಸಿ ಕೂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ.

ಸೆಕ್ರೆಟರಿ ರೈಲ್ವೆಯಿಂದ ನಿವೃತ್ತರಾದವರು, ಶಿಸ್ತಿನ ಮನುಷ್ಯ. ಭಾನುವಾರ ಬೆಳಿಗ್ಗೆ ಎಲ್ಲರೂ ಕಂಪ್ಯೂಟರ್ ಚಾಲೂ ಮಾಡಿಟ್ಟು ಕೆಳಗೆ ಬರಬೇಕೆಂದರು. ತಾವು ಡಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಮನೆಯ ವೈರು ಕೀಳುವುದು, ಮೊದಲ ಮಹಡಿಯ ತಮ್ಮ ಮನೆಯಲ್ಲಿ ಕಂಪ್ಯೂಟರ್ ನೋಡುತ್ತಿರುವ ಅವರ ಹೆಂಡತಿ ವೇಗ ಬಂತೋ ಇಲ್ಲವೋ ಕೂಗಿ ಹೇಳುವುದು ಎಂದಾಯಿತು. ಜನವೆಲ್ಲ ಮೆಟ್ಟಿಲ ಮೇಲೆ ಸೇರಿದರು. ಯಾರೋ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

ಕಾಲೇಜು ಹುಡುಗರ ವೈರು ಮೊದಲು ಕಿತ್ತರು. "ಇಲ್ಲೆ" ಎಂದು ಮೇಲಿನಿಂದ ದನಿ ಬಂತು. ಇನ್ನೊಬ್ಬರದು ಕಿತ್ತರು. "ಇಲ್ಲೆ." ಮತ್ತೊಬ್ಬರದು. "ಇಲ್ಲೆ." ನಮ್ಮದನ್ನು ಕಿತ್ತ ಕೂಡಲೇ ಆಕೆ ಸಂತೋಷ ತಡೆಯಲಾರದೆ ಕಿರುಚಿದರು: "ವಂದುಡ್ಚು! ವಂದುಡ್ಚು!" ಬಂದುಬಿಟ್ಟಿತಂತೆ, ವೇಗ.

ಸೆಕ್ರೆಟರಿ ವೈರು ಸಿಕ್ಕಿಸಿದರು. ವೇಗ ಹೋಯಿತು. ಮತ್ತೆ ಕಿತ್ತರು, ಬಂತು. ಎಲ್ಲರಿಗೂ ಖಾತ್ರಿಯಾಗಲೆಂದು ಇನ್ನೂ ಒಂದು ಸಲ ಮಾಡಿ ತೋರಿಸಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

ಕೆಳಮನೆಯ ಹೆಂಗಸು ನಗುತ್ತಾ, "ಎನ್ನ ಮೇಡಂ, ಫುಲ್ ಟೈಮ್ ಚಾಟಿಂಗಾ?" ಅಂದಳು.

ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು. ಗಂಡ ಆಫೀಸಿಗೆ ಹೋದ ಮೇಲೆ ಗುರುತಿಲ್ಲದ ಗಂಡಸರ ಜೊತೆ ಹರಟುವುದಕ್ಕೇ ಆಗ ಚಾಟಿಂಗ್ ಎನ್ನುತ್ತಿದ್ದರು. ನಾನು ಯಜಮಾನರ ಕಡೆ ನೋಡಿದೆ, ಏನಾದರೂ ಹೇಳುತ್ತಾರೆಂದು. ಅವರೂ ಒಂದು ಪೆಚ್ಚು ನಗೆ ನಕ್ಕು, "ನಾನ್ ಆಫೀಸ್ ಪೋಯಿಡುವೇನ್ ಸಾರ್, ಅವಂಗದಾನ್ ವೀಟ್ಲೆ" ಅಂದರು. ನಾನು ಆಫೀಸಿಗೆ ಹೋಗಿಬಿಡುತ್ತೇನೆ, ಮನೆಯಲ್ಲಿರುವವಳು ಇವಳೇ ಎಂದು. ಮಗಳು ನನ್ನ ಕೈ ಬಿಡಿಸಿಕೊಂಡು ಮೇಲಕ್ಕೆ ಓಡಿಹೋದಳು.

ಸೆಕ್ರೆಟರಿ ಒಬ್ಬರೇ ನಗಲಿಲ್ಲ. ಒಂದು ಸೀಡಿ ತೆಗೆದುಕೊಂಡು ನಮ್ಮ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಹುಡುಕಿ, ವೈರಸ್ ಅಂದರು. ಯಾವುದೋ ಮೇಲ್ ಜೊತೆ ಬಂದಿದೆ, ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಕಂಪ್ಯೂಟರ್ ಊರಿಗೆಲ್ಲ ಮೇಲ್ ಕಳಿಸುತ್ತಾ ಲೈನನ್ನು ತಿಂದುಹಾಕುತ್ತಿದೆ ಎಂದು ವಿವರಿಸಿದರು.

"ಏನ್ ಓಪನ್ ಮಾಡ್ದೆ ನೀನು?" ಯಜಮಾನರು ಕೇಳಿದರು.

ಹೇಳದೆ ವಿಧಿಯಿರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದ್ದೆ, 'ನಿಮ್ಮ ಅರ್ಜಿ' ಎಂದು ಇಂಗ್ಲಿಷಿನಲ್ಲಿ ತಲೆಬರಹವಿದ್ದ ಒಂದು ಮೇಲ್ ಬಂತು, ಯಾವುದೋ ಶಾಲೆಯವರು ಉತ್ತರ ಬರೆದಿದ್ದಾರೆಂದು ಜೊತೆಗಿದ್ದ ಫೈಲನ್ನು ಒತ್ತಿದೆ, ಏನೂ ತೆರೆಯಲಿಲ್ಲ. ಲೈನು ನಿಧಾನ ಅಂತ ಮತ್ತೆ ಮತ್ತೆ ಒತ್ತಿದೆ. ಇಷ್ಟನ್ನು ಅವರಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಸೆಕ್ರೆಟರಿಗೆ ತಮಿಳಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಅರ್ಜಿ ಎನ್ನುವುದಕ್ಕೆ ತಮಿಳು ಮಾತು ತೋಚದೆ ತಡವರಿಸಿದಾಗ ಕಣ್ಣಲ್ಲಿ ನೀರು ಬಂತು.

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಯಾರ್‍ಯಾರಿಗೆ ಮೇಲ್ ಕಳಿಸಿದ್ದೀರೋ ಅವರಿಗೆಲ್ಲ ಇದೂ ಹೋಗಿರುತ್ತಮ್ಮಾ" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು.

ಎಂದರೆ ಆ ಶಾಲೆಗಳಿಗೆಲ್ಲ! ಅವುಗಳಲ್ಲೊಂದು ನಮ್ಮ ಪಕ್ಕದ ರಸ್ತೆಯಲ್ಲೇ ಇತ್ತು. ಮಾರನೇ ದಿನ ಇಸ್ತ್ರಿ ಸೀರೆಯುಟ್ಟು ಕ್ಷಮೆ ಕೇಳಲು ಅಲ್ಲಿಗೆ ಹೋದೆ. ಆಫೀಸಿನಲ್ಲಿದ್ದ ಹೆಂಗಸು ನನ್ನ ಹೆಸರು ಕೇಳಿದ್ದೇ, "ಓ, ಅದು ನೀಂಗದಾನಾ?", ಅದು ನೀವೇನಾ, ಎಂದು ಪಕ್ಕದವಳ ಮುಖ ನೋಡಿದಳು. ಅವರ ಕಂಪ್ಯೂಟರನ್ನು ರಿಪೇರಿಗೆ ಕಳಿಸಿದ್ದರಂತೆ, ಅದಿದ್ದ ಮೇಜು ಖಾಲಿಯಿತ್ತು. ಕೆಲಸವೇನೂ ಖಾಲಿಯಿಲ್ಲ ಎಂದಳು, ನಾನು ಕೇಳದೆಯೇ.

ಸಂಜೆ ಯಜಮಾನರು ಶೂ ಬಿಚ್ಚುತ್ತಾ, "ನಂಗೊಂದ್ ಮಾತ್ ಹೇಳಿದ್ರೆ ಬೇಡ ಅಂತಿದ್ನಾ?" ಅಂದರು.

"ಬೇಡ ಅಂತಿರ್ಲಿಲ್ಲ ರೀ. ನಗ್ತಿದ್ರಿ."

ಅವರು ಬಹಳ ಹೊತ್ತು ಲೇಸು ಬಿಚ್ಚುತ್ತಲೇ ಇದ್ದರು. "ಮೆಟ್ಲ ಹತ್ರ ನಾನ್ ಹಾಗನ್ಬಾರ್ದಿತ್ತು" ಎಂದು ನೆಲ ನೋಡಿಕೊಂಡೇ ಹೇಳಿದರು. ಅದಕ್ಕಿಂತ ಹೆಚ್ಚು ಆ ವಿಷಯವನ್ನು ನಾವು ಎಂದೂ ಮಾತಾಡಲಿಲ್ಲ. ಮುಂದಿನ ವರ್ಷ ಬೇರೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೇಲ್ ಕಳಿಸಿ ಅಲ್ಲ, ಬಾಗಿಲಿಗೆ ಹೋಗಿ ಕೇಳಿ.

ಆದರೆ ಅದಕ್ಕೆ ಮುಂಚೆ ಎಷ್ಟೋ ದಿನ ನಾನು ಮೆಟ್ಟಿಲಿಳಿಯಲು ಹೊತ್ತು ನೋಡುತ್ತಿದ್ದೆ. ಹೆಂಗಸರೆಲ್ಲ ಸೀರಿಯಲ್ ನೋಡುವಾಗ ತರಕಾರಿಗೆ ಹೋಗಿಬರುತ್ತಿದ್ದೆ. ಎದುರು ಸಿಕ್ಕ ಕಾಲೇಜು ಹುಡುಗರು ಗೋಡೆಗೆ ಸರಿದು ದಾರಿ ಬಿಟ್ಟರೆ, ಅವರ ಆ ಮರ್ಯಾದೆಗೇ ನನಗೆ ಕುಗ್ಗಿದಂತಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕೆಳಮನೆಯ ಆ ಹೆಂಗಸು ಬಾಗಿಲು ತಟ್ಟಿದಳು. ಒಳಗೆ ಬಂದವಳೇ ತಾನೇ ಬಾಗಿಲು ಮುಚ್ಚಿದಳು. ನನ್ನ ಅರ್ಜಿಗಳ ವಿಷಯ ಸೆಕ್ರೆಟರಿಯವರ ಹೆಂಡತಿಯಿಂದ ಅವಳಿಗೆ ಗೊತ್ತಾಗಿತ್ತಂತೆ. ಮೇಲ್‌ನಲ್ಲಿ ಅರ್ಜಿ ಕಳಿಸುವುದು ಹೇಗೆ, ತೋರಿಸಿಕೊಡುತ್ತೀರಾ, ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ಅವಳ ಮೇಲೆ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಕುರ್ಚಿ ಎಳೆದುಕೊಟ್ಟು, ಏನು ಓದಿದ್ದೀರಿ ಎಂದು ಕೇಳಿದೆ.

ಅವಳು ಸೆರಗಿನ ತುದಿ ಸುತ್ತುತ್ತಾ, ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲಿ, "ಬಿ.ಕಾಂ. ಫಸ್ಟ್ ಕ್ಲಾಸ್" ಅಂದಳು.